ಕಾಲಿನ ರಕ್ತನಾಳ ಕಟ್ಟಿದರೆ ಮೂತ್ರಕ್ಕೇಕೆ ತೊಂದರೆ?

ಪ್ರಶ್ನೆ: ನನಗೆ 63 ವರ್ಷ. ದಾವಣಗೆರೆ ಜಿಲ್ಲೆಯಲ್ಲಿ ಬೇಸಾಯ. ಎರಡು ವರ್ಷದ ಹಿಂದೆ ಹೃದಯಕ್ಕೆ ಒಂದು ಸ್ಟೆಂಟ್ ಹಾಕಿದ್ದಾರೆ. ಎಂಟು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಬೀಡಿ ಕಡಿಮೆ ಮಾಡಿದ್ದೇನೆ, ಪೂರ್ತಿ ಬಿಟ್ಟಿಲ್ಲ. ಒಂದು ವರ್ಷದಿಂದ ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುತ್ತೇನೆ. ಬಂತು ಅಂದರೆ ತಡೆಯಲಾಗದು, ಹೋಗಿ ನಿಂತರೆ ಧಾರೆ ಸಣ್ಣ. ಸ್ಕ್ಯಾನ್‌ನಲ್ಲಿ ಪ್ರಾಸ್ಟೇಟ್ 32 ಗ್ರಾಂ ಇದೆ, ಸ್ವಲ್ಪ ದೊಡ್ಡದು ಅಷ್ಟೇ ಎಂದರು. ಈಗ 200 ಮೀಟರ್ ನಡೆಯುವಷ್ಟರಲ್ಲಿ ಬಲಗಡೆ ಪಿರ್ರೆ, ತೊಡೆ ಹಿಡಿದುಕೊಳ್ಳುತ್ತದೆ. ನಿಂತರೆ ಎರಡು ನಿಮಿಷದಲ್ಲಿ ಹೋಗುತ್ತದೆ. ದಾಂಪತ್ಯದ ವಿಷಯದಲ್ಲೂ ಶಕ್ತಿ ಕುಂದಿದೆ. ಕಾಲಿನ ರಕ್ತನಾಳ ಕಟ್ಟಿದೆ ಎಂದು ಒಬ್ಬ ವೈದ್ಯರು, ಪ್ರಾಸ್ಟೇಟ್ ಎಂದು ಇನ್ನೊಬ್ಬರು. ಎರಡಕ್ಕೂ ಸಂಬಂಧ ಇದೆಯೇ? ಗೆಳೆಯರೊಬ್ಬರು ಟಡಲಾಫಿಲ್ ಮಾತ್ರೆಯಿಂದ ದಾಂಪತ್ಯದ ಶಕ್ತಿ, ಮೂತ್ರ ಎರಡೂ ಸರಿಹೋಗುತ್ತದೆ ಎನ್ನುತ್ತಾರೆ. ಸದ್ಯ ಆಸ್ಪಿರಿನ್ 75, ಅಟೊರ್ವಾಸ್ಟಾಟಿನ್ 40, ಆಮ್ಲೋಡಿಪಿನ್ 10, ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದೇನೆ. ಎದೆ ಹಿಡಿದಾಗ ನಾಲಿಗೆಯಡಿ ಸಾರ್ಬಿಟ್ರೇಟ್ ಇಟ್ಟುಕೊಳ್ಳುತ್ತೇನೆ.

ಉತ್ತರ: ಮಿಕ್ಕಿದ್ದನ್ನೆಲ್ಲ ಓದುವ ಮೊದಲು ಒಂದು ಮಾತು. ನೈಟ್ರೇಟ್ ಜಾತಿಯ ಸಾರ್ಬಿಟ್ರೇಟ್ ಇಟ್ಟುಕೊಳ್ಳುವವರು ಟಡಲಾಫಿಲ್ ಮುಟ್ಟಲೇಬಾರದು. ಎರಡೂ ರಕ್ತನಾಳವನ್ನು ಒಂದೇ ದಾರಿಯಲ್ಲಿ ಸಡಿಲಿಸುತ್ತವೆ. ಒಟ್ಟಿಗೆ ಸೇರಿದರೆ ಬಿಪಿ ಪಾತಾಳಕ್ಕಿಳಿದು ಜೀವಕ್ಕೇ ಅಪಾಯ. ಟಡಲಾಫಿಲ್ ನುಂಗಿದ 48 ಗಂಟೆ, ಅದೇ ಜಾತಿಯ ಸಿಲ್ಡೆನಾಫಿಲ್ ಆದರೆ 24 ಗಂಟೆ, ನೈಟ್ರೇಟ್ ಜಾತಿಯ ಯಾವ ಔಷಧವನ್ನೂ ಕೊಡುವಂತಿಲ್ಲ. ಅಂದರೆ ಆ ಹೊತ್ತಿನಲ್ಲಿ ಎದೆನೋವು ಬಂದರೆ ನಿಮ್ಮ ಕೈಲಿರುವ ಮಾತ್ರೆಯೇ ನಿಮಗೆ ಉಪಯೋಗಕ್ಕಿಲ್ಲ. ಹೃದ್ರೋಗಕ್ಕೆ ಕೊಡುವ ನಿಕೊರಾಂಡಿಲ್‌ಗೂ ಇದೇ ನಿಯಮ. ‘ಆಯುರ್ವೇದದ ಪುಡಿ, ಏನೂ ತೊಂದರೆಯಿಲ್ಲ’ ಎಂದು ಮಾರುವ ಶಕ್ತಿವರ್ಧಕಗಳನ್ನೂ ದೂರವಿಡಿ. ಇಂಥ ಪುಡಿ, ಕ್ಯಾಪ್ಸೂಲ್‌ಗಳಲ್ಲಿ ಸಿಲ್ಡೆನಾಫಿಲ್ ಬೆರೆಸಿರುವುದು ಹಲವು ದೇಶಗಳ ತಪಾಸಣೆಯಲ್ಲಿ ಪತ್ತೆಯಾಗಿದೆ. ಗೆಳೆಯರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು, ಆದರೆ ಈ ಮಾತ್ರೆ ನಿಮಗಲ್ಲ.

ಇನ್ನು ನಿಮ್ಮ ಪ್ರಶ್ನೆ. ಹೌದು, ಸಂಬಂಧವಿದೆ. ನೀವು ಬರೆದಿರುವ ನಾಲ್ಕು ತೊಂದರೆಗಳು, ಅಂದರೆ ಹೃದಯ, ಪಿರ್ರೆ-ತೊಡೆಯ ನೋವು, ದಾಂಪತ್ಯದ ದೌರ್ಬಲ್ಯ ಮತ್ತು ಮೂತ್ರ, ಒಂದೇ ರೋಗದ ನಾಲ್ಕು ಮುಖ ಆಗಿರಬಹುದು. ಹಾಗೆಂದು ಮೂತ್ರದ ಪೂರ್ತಿ ಹೊಣೆಯನ್ನು ರಕ್ತನಾಳದ ಮೇಲೆ ಹೊರಿಸಿಬಿಡುವುದೂ ತಪ್ಪು. ಎಷ್ಟು ಪಾಲು ರಕ್ತನಾಳದ್ದು, ಎಷ್ಟು ಪ್ರಾಸ್ಟೇಟಿನದು, ಎಷ್ಟು ನೀವು ನುಂಗುವ ಮಾತ್ರೆಗಳದ್ದು ಎಂದು ಅಳೆದು ನೋಡಬೇಕು. ಅಳೆಯುವ ಕೆಲಸದ ಅರ್ಧದಷ್ಟು ನಿಮ್ಮ ಮನೆಯಲ್ಲೇ ಆಗುತ್ತದೆ.

ರಕ್ತ ಹೋಗುವ ದಾರಿ

ಹೃದಯದಿಂದ ಹೊರಟ ಮಹಾಪಧಮನಿ ಬೆನ್ನುಮೂಳೆಯ ಮುಂದೆ ಇಳಿದು ಸುಮಾರು ಹೊಕ್ಕಳ ಮಟ್ಟದಲ್ಲಿ ಎರಡಾಗಿ ಕವಲೊಡೆಯುತ್ತದೆ. ಆ ಎರಡೂ ಕವಲು ಸೊಂಟದೊಳಗೆ ಮತ್ತೆ ಎರಡಾಗುತ್ತವೆ. ಹೊರಗಿನ ಕವಲು ತೊಡೆಸಂದಿಯ ಮೂಲಕ ಕಾಲಿಗೆ ಹೋಗುತ್ತದೆ. ಒಳಗಿನ ಕವಲು ಪಿರ್ರೆಯ ಸ್ನಾಯು, ಮೂತ್ರಚೀಲ, ಪ್ರಾಸ್ಟೇಟ್ ಮತ್ತು ಶಿಶ್ನಕ್ಕೆ ರಕ್ತ ಹಂಚುತ್ತದೆ. ಪಿರ್ರೆ ನೋವಿಗೂ ಮೂತ್ರಕ್ಕೂ ನಂಟು ಬೆಸೆಯುವುದು ಈ ಒಳಗಿನ ಕವಲೇ.

ನೀವು ಭದ್ರಾ ಅಚ್ಚುಕಟ್ಟಿನ ಕಡೆಯವರಾದ್ದರಿಂದ ಇದನ್ನು ವಿವರಿಸುವುದು ಸುಲಭ. ಮುಖ್ಯ ನಾಲೆಯಲ್ಲಿ ಹೂಳು ತುಂಬಿದರೆ ಮೊದಲು ಒಣಗುವುದು ಕೊನೆಭಾಗದ ಗದ್ದೆ. ಮೇಲಿನವರಿಗೆ ನಾಲೆ ತುಂಬಿಯೇ ಕಾಣುತ್ತದೆ. ಮೂತ್ರಚೀಲ, ಪ್ರಾಸ್ಟೇಟ್, ಶಿಶ್ನ ಈ ಕೊನೆಭಾಗದ ಗದ್ದೆಗಳು. ಇನ್ನೊಂದು ಲೆಕ್ಕವನ್ನೂ ನೋಡಿ: ಶಿಶ್ನದ ಅಪಧಮನಿಯ ಅಗಲ 1–2 ಮಿ.ಮೀ., ಹೃದಯದ ಅಪಧಮನಿಯದು 3–4 ಮಿ.ಮೀ., ತೊಡೆಯದು 6–8 ಮಿ.ಮೀ. ಕೊಬ್ಬು ಎಲ್ಲ ಕಡೆಯೂ ಒಂದೇ ದಪ್ಪಕ್ಕೆ ಕಟ್ಟಿದರೂ ಸಣ್ಣ ನಾಳವೇ ಮೊದಲು ಮುಚ್ಚುತ್ತದೆ. ಹಾಗಾಗಿಯೇ ಎಷ್ಟೋ ಗಂಡಸರಲ್ಲಿ ದಾಂಪತ್ಯದ ದೌರ್ಬಲ್ಯ ಕಾಣಿಸಿದ ಎರಡರಿಂದ ಐದು ವರ್ಷಕ್ಕೆ ಹೃದಯದ ತೊಂದರೆ ಹೊರಬೀಳುತ್ತದೆ. ಇದನ್ನು ವೈದ್ಯರ ಮುಂದೆ ಹೇಳಲು ನಾಚಿಕೆಪಡುವವರೇ ಹೆಚ್ಚು. ಹೃದಯಕ್ಕೆ ಮುಂಚಿತವಾಗಿ ಸಿಕ್ಕ ಎಚ್ಚರಿಕೆಯೊಂದು ಆ ಸಂಕೋಚದಲ್ಲೇ ಕಳೆದುಹೋಗುತ್ತದೆ.

ಫ್ರಾನ್ಸಿನ ಶಸ್ತ್ರಚಿಕಿತ್ಸಕ ರೆನೆ ಲೆರಿಶ್ 1940ರ ಹೊತ್ತಿಗೇ ಈ ಚಿತ್ರವನ್ನು ಬಿಡಿಸಿಟ್ಟಿದ್ದರು. ಮಹಾಪಧಮನಿ ಕವಲೊಡೆಯುವ ಜಾಗದಲ್ಲೇ ಕಟ್ಟಿಕೊಂಡರೆ ಮೂರು ಲಕ್ಷಣ ಒಟ್ಟಿಗೆ ಬರುತ್ತವೆ: ನಡೆದರೆ ಪಿರ್ರೆ-ತೊಡೆ ನೋವು, ನಿಮಿರು ದೌರ್ಬಲ್ಯ, ತೊಡೆಸಂದಿಯಲ್ಲಿ ನಾಡಿ ಸಿಗದಿರುವುದು. ಇದಕ್ಕೆ ಅವರದೇ ಹೆಸರಿದೆ, ಲೆರಿಶ್ ಸಿಂಡ್ರೋಮ್. ನಿಮ್ಮಲ್ಲಿ ಮೊದಲ ಎರಡು ಇವೆ. ಮೂರನೆಯದನ್ನು ವೈದ್ಯರು ಕೈಬೆರಳಿನಿಂದ ಮುಟ್ಟಿ ಅರ್ಧ ನಿಮಿಷದಲ್ಲಿ ಹೇಳಬಲ್ಲರು. ಕೇಳಿ ಮಾಡಿಸಿಕೊಳ್ಳಿ.

ನೋವು ಎಲ್ಲಿದೆ ಎಂಬುದೇ ಕಟ್ಟಿರುವ ಜಾಗದ ಸುಳಿವು. ಬರೀ ಮೀನಖಂಡ ಹಿಡಿದುಕೊಂಡರೆ ತಡೆ ಸಾಮಾನ್ಯವಾಗಿ ತೊಡೆಯ ನಾಳದಲ್ಲಿ, ಅಂದರೆ ಮೂತ್ರಚೀಲದ ಕವಲು ಒಡೆಯುವ ಜಾಗಕ್ಕಿಂತ ಕೆಳಗೆ. ಆಗ ಮೂತ್ರದ ತೊಂದರೆಗೆ ಬೇರೆ ಕಾರಣವನ್ನೇ ಮೊದಲು ಹುಡುಕಬೇಕು. ನಿಮ್ಮಂತೆ ಪಿರ್ರೆಯಿಂದ ಹಿಡಿದರೆ ತಡೆ ಮೇಲೆ, ಸೊಂಟದೊಳಗೆ. ಆಗ ಸಂಬಂಧದ ಶಂಕೆ ಬಲವಾಗುತ್ತದೆ.

ಆದರೆ ಬೆನ್ನುಮೂಳೆಯೊಳಗೆ ನರ ಹಾಯುವ ದಾರಿ ಕಿರಿದಾಗಿ ನರ ಒತ್ತಿಕೊಂಡವರಿಗೂ ನಡೆದಾಗ ಪಿರ್ರೆ-ತೊಡೆ ನೋಯುತ್ತದೆ, ಅವರಿಗೂ ಮೂತ್ರದ ತೊಂದರೆ ಬರಬಹುದು. ವ್ಯತ್ಯಾಸ ಹೀಗೆ: ರಕ್ತನಾಳದ ನೋವು ಸುಮ್ಮನೆ ನಿಂತರೂ ಹೋಗುತ್ತದೆ. ನರದ ನೋವು ನಿಂತರೆ ಹೋಗದು. ಕೂರಬೇಕು ಅಥವಾ ಮುಂದಕ್ಕೆ ಬಾಗಬೇಕು. ಸೈಕಲ್ ತುಳಿದರೆ ಅವರಿಗೆ ಸಾಮಾನ್ಯವಾಗಿ ನೋವು ಬರುವುದಿಲ್ಲ, ಏಕೆಂದರೆ ಬಾಗಿರುತ್ತಾರೆ. ನಿಮ್ಮದು ನಿಂತರೆ ಎರಡೇ ನಿಮಿಷದಲ್ಲಿ ಹೋಗುತ್ತದೆ ಎಂದಿದ್ದೀರಿ. ಅದು ರಕ್ತನಾಳದ ಲಕ್ಷಣ.

ಮೂತ್ರಚೀಲಕ್ಕೆ ರಕ್ತ ಸಾಲದಾದಾಗ

ಮೂತ್ರಚೀಲವೆಂದರೆ ಮಾಂಸದ ಚೀಲ, ಅದರ ಗೋಡೆ ಬಹುಪಾಲು ಸ್ನಾಯು. 400 ಮಿ.ಲೀ. ತುಂಬುವಾಗ ಗೋಡೆ ಹಿಗ್ಗಿ ತೆಳುವಾಗುತ್ತದೆ, ಒಳಗಿನ ಸಣ್ಣ ನಾಳಗಳು ಎಳೆದು ಒತ್ತಿಕೊಂಡು ರಕ್ತದ ಹರಿವು ತಗ್ಗುತ್ತದೆ. ಖಾಲಿಯಾದಾಗ ರಕ್ತ ನುಗ್ಗಿ ಬರುತ್ತದೆ. ಆರೋಗ್ಯವಂತರಲ್ಲಿ ಇದರಿಂದ ತೊಂದರೆಯಿಲ್ಲ. ಮೇಲೆ ನಾಳ ಮೊದಲೇ ಕಿರಿದಾಗಿದ್ದರೆ ತುಂಬಿದ ಪ್ರತಿ ಸಲ ಗೋಡೆಗೆ ಆಮ್ಲಜನಕದ ಬರ, ಖಾಲಿಯಾದ ಪ್ರತಿ ಸಲ ಹಠಾತ್ ಪ್ರವಾಹ. ದಿನಕ್ಕೆ ಎಂಟು-ಹತ್ತು ಸಲ ನಡೆಯುವ ಈ ಬರ-ನೆರೆಯ ಆಟದಲ್ಲಿ ಗೋಡೆಯ ನರತುದಿಗಳು ಹಾನಿಗೊಳ್ಳುತ್ತವೆ, ಸ್ನಾಯುವಿನ ನಡುವೆ ನಾರು ಬೆಳೆಯುತ್ತದೆ.

ಮೊಲಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಸೊಂಟದ ಅಪಧಮನಿಗಳ ಒಳಪದರವನ್ನು ಬಲೂನಿನಿಂದ ಘಾಸಿಗೊಳಿಸಿ, ಕೊಲೆಸ್ಟರಾಲ್ ಹೆಚ್ಚಿರುವ ಆಹಾರ ಕೊಟ್ಟರು. ರಕ್ತದ ಕೊರತೆ ಮಧ್ಯಮವಾಗಿದ್ದಾಗ ಮೂತ್ರಚೀಲ ಅತಿ ಚುರುಕಾಗಿ ಬೇಕಿಲ್ಲದಾಗಲೂ ಹಿಂಡಿತು. ಕೊರತೆ ತೀವ್ರವಾದಾಗ ಗೋಡೆ ನಾರುಗಟ್ಟಿ, ಹಿಂಡುವ ಶಕ್ತಿಯೇ ಕುಗ್ಗಿತು. ಮನುಷ್ಯರಲ್ಲಿ ಕಾಣುವ ಎರಡು ಹಂತಗಳಿಗೆ ಇದು ಹೊಂದುತ್ತದೆ. ಮೊದಲು ಅವಸರ, ಪದೇ ಪದೇ ಹೋಗಬೇಕೆನಿಸುವುದು. ವರ್ಷಗಳ ನಂತರ ಸಣ್ಣ ಧಾರೆ, ಪೂರ್ತಿ ಖಾಲಿಯಾಗದಿರುವುದು. ಪ್ರಾಸ್ಟೇಟ್ ದೊಡ್ಡದಾಗಿಲ್ಲದಿದ್ದರೂ ಧಾರೆ ಸಣ್ಣದಾಗಲು ಇದೂ ಒಂದು ಕಾರಣ. ಸಾಮಾನ್ಯ ಪ್ರಾಸ್ಟೇಟ್ 20–25 ಗ್ರಾಂ ಇರುತ್ತದೆ. ನಿಮ್ಮ 32 ಗ್ರಾಂ ನೋಡಿದರೆ ಪ್ರಾಸ್ಟೇಟ್ ಒಂದೇ ಇಷ್ಟೆಲ್ಲ ಮಾಡಿದೆ ಎಂದು ತೀರ್ಮಾನಿಸಲು ಮನಸ್ಸು ಒಪ್ಪುವುದಿಲ್ಲ. ಗಾತ್ರವೇ ಎಲ್ಲವನ್ನೂ ಹೇಳುವುದಿಲ್ಲ ಎಂಬುದೂ ನಿಜ. ಸಣ್ಣ ಪ್ರಾಸ್ಟೇಟ್ ಕೂಡ ದಾರಿ ಬಿಗಿಹಿಡಿಯಬಲ್ಲದು.

ಸಕ್ಕರೆ ಕಾಯಿಲೆ ಇದಕ್ಕೆ ಜೊತೆಗೂಡುತ್ತದೆ. ಅದು ಸಣ್ಣ ರಕ್ತನಾಳವನ್ನೂ ಕೆಡಿಸುತ್ತದೆ, ಮೂತ್ರಚೀಲ ತುಂಬಿದ ಸುದ್ದಿ ಒಯ್ಯುವ ನರವನ್ನೂ ಕೆಡಿಸುತ್ತದೆ. ಮಿದುಳಿನ ಸಣ್ಣ ನಾಳಗಳು ಕಟ್ಟಿಕೊಂಡವರಲ್ಲಿ ಮೂತ್ರವನ್ನು ‘ಈಗ ಬೇಡ’ ಎಂದು ತಡೆದು ನಿಲ್ಲಿಸುವ ಮುಂಭಾಗದ ಮಿದುಳು ದುರ್ಬಲವಾಗಿ, ಅವಸರ ಇನ್ನೂ ಹೆಚ್ಚುತ್ತದೆ.

ಮೂರು ದಿನದ ಲೆಕ್ಕ

ವೈದ್ಯರ ಬಳಿ ಹೋಗುವ ಮೊದಲು ಇದೊಂದನ್ನು ಮಾಡಿಕೊಂಡು ಹೋಗಿ. ‘ರಾತ್ರಿ ನಾಲ್ಕು ಸಲ’ ಎಂಬ ಮಾತಿನಿಂದ ಕಾರಣ ತಿಳಿಯುವುದಿಲ್ಲ. ಪ್ರತಿ ಸಲ ಎಷ್ಟು ಎಂಬುದರಿಂದ ತಿಳಿಯುತ್ತದೆ.

ಗೆರೆ ಗುರುತಿರುವ ಅಳತೆಯ ಜಗ್ಗು, 500 ಮಿ.ಲೀ. ಹಿಡಿಯುವಂಥದ್ದು, ಸಾಕು. ಸಿಗದಿದ್ದರೆ ಒಂದು ಲೀಟರಿನ ಖಾಲಿ ಬಾಟಲಿಯ ಕುತ್ತಿಗೆ ಕತ್ತರಿಸಿ, 100 ಮಿ.ಲೀ. ಅಳತೆ ಲೋಟದಿಂದ ನೀರು ಹಾಕುತ್ತ ಹೊರಗೆ ಗೆರೆ ಎಳೆದುಕೊಳ್ಳಿ. ಒಂದರ ಹಿಂದೆ ಒಂದು ಮೂರು ದಿನ, ಹಗಲೂ ರಾತ್ರಿಯೂ, ಹೋದ ಹೊತ್ತು ಮತ್ತು ಪ್ರಮಾಣ ಬರೆಯಿರಿ. ಕುಡಿದದ್ದನ್ನೂ ಬರೆಯಿರಿ: ನೀರು, ಕಾಫಿ, ಮಜ್ಜಿಗೆ, ಸಾರು ಎಲ್ಲ. ಮಲಗಿದ ಹೊತ್ತು, ಎದ್ದ ಹೊತ್ತು ಗುರುತಿಸಿ. ಊರಿಗೆ ಹೋಗುವ ದಿನ, ಮದುವೆ ಮನೆಯ ದಿನ ಬೇಡ, ಮಾಮೂಲಿ ದಿನಗಳಿರಲಿ.

ಒಂದು ರಾತ್ರಿಯ ಹಾಳೆ ಹೀಗಿದೆ ಎಂದಿಟ್ಟುಕೊಳ್ಳಿ. 10.30ಕ್ಕೆ ಮಲಗುವ ಮುನ್ನ 180. ಆಮೇಲೆ 12.15ಕ್ಕೆ 320, 2 ಗಂಟೆಗೆ 350, 3.45ಕ್ಕೆ 300, ಬೆಳಿಗ್ಗೆ 5.30ಕ್ಕೆ ಎದ್ದಾಗ 330. ಮಲಗುವ ಮುನ್ನ ಹೋದದ್ದು ಹಗಲಿನ ಲೆಕ್ಕಕ್ಕೆ. ಬೆಳಗಿನ ಮೊದಲನೆಯದು ರಾತ್ರಿಯ ಲೆಕ್ಕಕ್ಕೆ. ಕೂಡಿದರೆ ರಾತ್ರಿಯದು 1300 ಮಿ.ಲೀ. ಇಡೀ 24 ಗಂಟೆಯ ಒಟ್ಟು 2300 ಆಗಿದ್ದರೆ ಅರ್ಧಕ್ಕಿಂತ ಹೆಚ್ಚು ರಾತ್ರಿಯೇ ಆಯಿತು. ನಿಮ್ಮ ವಯಸ್ಸಿನಲ್ಲಿ ಮೂರನೇ ಒಂದು ಪಾಲು ದಾಟಿದರೆ ಅದು ರಾತ್ರಿಯಲ್ಲಿ ಮೂತ್ರ ಹೆಚ್ಚು ತಯಾರಾಗುವ ತೊಂದರೆ. ಇಲ್ಲಿ ಮೂತ್ರಚೀಲವೂ ಪ್ರಾಸ್ಟೇಟೂ ನಿರಪರಾಧಿಗಳು. ಪ್ರತಿ ಸಲ 300 ಅಥವಾ ಅದಕ್ಕೂ ಹೆಚ್ಚು ಹಿಡಿದುಕೊಂಡು ತಮ್ಮ ಕೆಲಸವನ್ನು ಸರಿಯಾಗೇ ಮಾಡುತ್ತಿವೆ. ಇಂಥವರಿಗೆ ಪ್ರಾಸ್ಟೇಟ್ ಆಪರೇಷನ್ ಮಾಡಿದರೆ ಆಮೇಲೂ ರಾತ್ರಿ ಅಷ್ಟೇ ಸಲ ಏಳುತ್ತಾರೆ.

ಇನ್ನೊಬ್ಬರ ಹಾಳೆಯಲ್ಲಿ 80, 100, 70, 90, 110 ಎಂದಿರುತ್ತದೆ. ರಾತ್ರಿಯ ಒಟ್ಟು 450 ಅಷ್ಟೇ. ಇದು ಮೂತ್ರಚೀಲ ಹಿಡಿದುಕೊಳ್ಳಲಾಗದ ಅಥವಾ ಖಾಲಿ ಮಾಡಲಾಗದ ತೊಂದರೆ. ರಕ್ತದ ಕೊರತೆ, ಪ್ರಾಸ್ಟೇಟ್, ಸಕ್ಕರೆಯ ನರಹಾನಿ ಇಲ್ಲಿ ಆರೋಪಿಗಳು. ದಿನದ ಒಟ್ಟು ಮೊತ್ತವೇ ದೇಹತೂಕದ ಕಿಲೋ ಒಂದಕ್ಕೆ 40 ಮಿ.ಲೀ. ಮೀರಿದರೆ, ಅಂದರೆ 60 ಕಿಲೋ ಇರುವವರಿಗೆ 2400 ದಾಟಿದರೆ, ಸಾಮಾನ್ಯವಾಗಿ ಒಂದೋ ಕುಡಿಯುವುದು ಹೆಚ್ಚಾಯಿತು ಇಲ್ಲವೇ ಸಕ್ಕರೆ ಹತೋಟಿಯಲ್ಲಿಲ್ಲ.

ನಿಮ್ಮ ಮಾತ್ರೆಗಳತ್ತ ಒಂದು ನೋಟ

ರಾತ್ರಿ ಮೂತ್ರ ಹೆಚ್ಚು ತಯಾರಾಗುತ್ತಿದ್ದರೆ ಮೊದಲು ನೋಡಬೇಕಾದ್ದು ನಿಮ್ಮ ಕಾಲು. ಸಂಜೆ ಮೊಣಕಾಲಿನ ಕೆಳಗೆ, ಮುಂಗಾಲಿನ ಎಲುಬಿನ ಮೇಲೆ ಹೆಬ್ಬೆರಳನ್ನು ಹತ್ತು ಸೆಕೆಂಡು ಒತ್ತಿ ಹಿಡಿದು ತೆಗೆಯಿರಿ. ಗುಳಿ ಉಳಿದರೆ ಅಲ್ಲಿ ನೀರು ನಿಂತಿದೆ. ಮಲಗಿದಾಗ ಆ ನೀರು ರಕ್ತಕ್ಕೆ ಮರಳಿ, ಮೂತ್ರಪಿಂಡದ ಮೂಲಕ ಮಧ್ಯರಾತ್ರಿ ಹೊರಬರುತ್ತದೆ. ಆಮ್ಲೋಡಿಪಿನ್‌ನಿಂದ ಪಾದ ಊದುವುದು ಸಾಮಾನ್ಯ. 5ಕ್ಕಿಂತ 10 ಮಿ.ಗ್ರಾಂ.ನಲ್ಲಿ ಹೆಚ್ಚು. ಹೃದಯದ ಪಂಪು ದುರ್ಬಲವಾದರೂ ಹೀಗೇ ಆಗುತ್ತದೆ, ಆದ್ದರಿಂದ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿ ಎಷ್ಟು ದಿನವಾಯಿತು ಎಂದು ನೋಡಿಕೊಳ್ಳಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ‘ಪಾದ ಊದುತ್ತಿದೆ, ರಾತ್ರಿ ಮೂತ್ರ ಹೆಚ್ಚು, ಬದಲಿಸಬಹುದೇ’ ಎಂದು ಹೃದಯದ ವೈದ್ಯರನ್ನು ಕೇಳಿ. ಬದಲಿ ಮಾತ್ರೆಗಳಿವೆ.

ಇಲ್ಲೊಂದು ಹೊಂಡವಿದೆ. ಕಾಲೂತದಿಂದ ರಾತ್ರಿ ಮೂತ್ರಕ್ಕೆ ಏಳುವವರಿಗೆಲ್ಲ ಸಾಮಾನ್ಯವಾಗಿ ಹೇಳುವ ಸಲಹೆ, ಬಿಗಿಯಾದ ಕಾಲುಚೀಲ ಹಾಕಿಕೊಳ್ಳಿ, ಕಾಲನ್ನು ಎತ್ತರದಲ್ಲಿಟ್ಟು ಮಲಗಿ ಎಂದು. ಅಪಧಮನಿ ಕಟ್ಟಿದವರಿಗೆ ಇದು ಕೆಡುಕು. ಮೊದಲೇ ರಕ್ತ ಕಡಿಮೆ ಇಳಿಯುವ ಕಾಲನ್ನು ಬಿಗಿದರೆ ಬೆರಳು ಕಪ್ಪಾಗುವವರೆಗೂ ಹೋಗಬಹುದು. ಕಾಲಿನ ರಕ್ತದೊತ್ತಡ ಅಳೆಯುವವರೆಗೆ ಬಿಗಿ ಕಾಲುಚೀಲ ಬೇಡ. ಸಂಜೆ ಒಂದು ಗಂಟೆ ಇನ್ನೊಂದು ಕುರ್ಚಿಯ ಮೇಲೆ ಕಾಲು ಚಾಚಿ ಕೂರಬಹುದು. ಪಾದ ನೋಯತೊಡಗಿದರೆ ಇಳಿಸಿ.

ಮೂತ್ರ ಇಳಿಸುವ ಫ್ಯುರೋಸೆಮೈಡ್‌ನಂಥ ಮಾತ್ರೆಯನ್ನು ಮುಂದೆ ಕೊಟ್ಟರೆ ಅದನ್ನು ಮಲಗುವುದಕ್ಕೆ ಸುಮಾರು ಆರು ಗಂಟೆ ಮೊದಲು ತೆಗೆದುಕೊಳ್ಳುವಂತೆ ಹೊಂದಿಸಿಕೊಳ್ಳಬಹುದು; ರಾತ್ರಿ ಊಟದ ನಂತರ ನುಂಗಿದರೆ ಶಿಕ್ಷೆಯೇ ಸರಿ. ಸಕ್ಕರೆಗೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಸೇರಿಸಿದರೆ ಮೂತ್ರದಲ್ಲಿ ಸಕ್ಕರೆಯೊಂದಿಗೆ ನೀರೂ ಹೋಗುತ್ತದೆ. ಹೃದಯಕ್ಕೂ ಮೂತ್ರಪಿಂಡಕ್ಕೂ ಒಳ್ಳೆಯ ಮಾತ್ರೆಗಳೇ, ಹೆಚ್ಚು ಮೂತ್ರಕ್ಕೆ ಅವು ಕಾರಣ ಎಂದು ತಿಳಿದಿದ್ದರೆ ಸಾಕು. ಜೋರಾಗಿ ಗೊರಕೆ ಹೊಡೆಯುತ್ತ ನಡುನಡುವೆ ಉಸಿರು ನಿಲ್ಲುತ್ತದೆ ಎಂದು ಮನೆಯವರು ಹೇಳಿದರೆ ಅದನ್ನೂ ತಿಳಿಸಿ. ನಿದ್ದೆಯಲ್ಲಿ ಉಸಿರು ಕಟ್ಟುವವರ ಹೃದಯ ಒಂದು ಹಾರ್ಮೋನ್ ಬಿಡುಗಡೆ ಮಾಡಿ ರಾತ್ರಿಯಿಡೀ ಮೂತ್ರ ಇಳಿಸುತ್ತದೆ. ಉಸಿರು ಕಟ್ಟುವ ಈ ತೊಂದರೆ ಬಿಪಿಯನ್ನೂ ಏರಿಸುತ್ತದೆ.

ನೆಗಡಿಗೆಂದು ಅಂಗಡಿಯಲ್ಲಿ ಕೇಳಿ ತರುವ ಮಾತ್ರೆಯ ವಿಷಯದಲ್ಲಿ ಮಾತ್ರ ಬಹಳ ಎಚ್ಚರ. ಅವುಗಳಲ್ಲಿರುವ ಫಿನೈಲೆಫ್ರಿನ್ ಮೂತ್ರದ ದಾರಿಯನ್ನು ಬಿಗಿಗೊಳಿಸುತ್ತದೆ, ಕ್ಲೋರ್‌ಫೆನಿರಮಿನ್ ಮೂತ್ರಚೀಲವನ್ನು ಸಡಿಲಿಸುತ್ತದೆ. ಮೊದಲೇ ಧಾರೆ ಸಣ್ಣ ಇರುವವರಿಗೆ ಎರಡು ಮಾತ್ರೆಯಲ್ಲಿ ಮೂತ್ರ ಪೂರ್ತಿ ಕಟ್ಟಿಕೊಳ್ಳಬಹುದು.

ಯಾವ ತಪಾಸಣೆ, ಏನನ್ನು ನೋಡಬೇಕು

ಕಾಲಿಗೆ ಮೊದಲು ಬೇಕಾದ್ದು ದುಬಾರಿ ಸಿಟಿ ಆಂಜಿಯೋಗ್ರಾಂ ಅಲ್ಲ. ತೋಳಿನ ಬಿಪಿ ಮತ್ತು ಕಣಕಾಲಿನ ಬಿಪಿ ಎರಡನ್ನೂ ಪೆನ್ನಿನಂಥ ಡಾಪ್ಲರ್ ಹಿಡಿದು ಅಳೆದು ಭಾಗಿಸುವ ಸರಳ ಪರೀಕ್ಷೆ, ಎಬಿಐ. ತೋಳಿನಲ್ಲಿ 140, ಕಣಕಾಲಿನಲ್ಲಿ 84 ಬಂದರೆ ಉತ್ತರ 0.6. ಸಾಮಾನ್ಯ 1.0ರಿಂದ 1.4. 0.9 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅಪಧಮನಿ ರೋಗ ಖಚಿತ. ಆದರೆ ಸಕ್ಕರೆ ಕಾಯಿಲೆಯವರಲ್ಲಿ ನಾಳದ ಗೋಡೆ ಸುಣ್ಣಗಟ್ಟಿ ಗಡುಸಾಗಿ, ಪಟ್ಟಿಯ ಒತ್ತಡಕ್ಕೆ ಬಗ್ಗದೆ, ಅಂಕಿ 1.4ರ ಮೇಲೆ ಹೋಗಬಹುದು. ಅದನ್ನು ‘ಚೆನ್ನಾಗಿದೆ’ ಎಂದು ಓದಿಕೊಳ್ಳಬೇಡಿ. ಆಗ ಕಾಲಿನ ಹೆಬ್ಬೆರಳಿನ ಒತ್ತಡ ಅಳೆಯಬೇಕು. ಸೊಂಟದ ನಾಳ ಕಟ್ಟಿದವರಲ್ಲಿ ಮಲಗಿಸಿ ಅಳೆದಾಗ ಅಂಕಿ ಸರಿಯಿದ್ದು, ನಡೆಸಿ ಮತ್ತೆ ಅಳೆದಾಗ ಕುಸಿಯುವುದೂ ಉಂಟು.

ಮೂತ್ರಕ್ಕೆ ಮೊದಲು ಮೂತ್ರ ಪರೀಕ್ಷೆ, ಸಕ್ಕರೆಯ ಮೂರು ತಿಂಗಳ ಸರಾಸರಿ, ಮೂತ್ರಪಿಂಡಕ್ಕೆ ಕ್ರಿಯಾಟಿನಿನ್, ಪ್ರಾಸ್ಟೇಟಿಗೆ ರಕ್ತದ ಪಿಎಸ್‌ಎ. ನಂತರ ಯುರೋಫ್ಲೋ, ಅಂದರೆ ಯಂತ್ರಕ್ಕೆ ಮೂತ್ರ ಮಾಡಿ ಧಾರೆಯ ವೇಗ ಅಳೆಯುವುದು. ಸೆಕೆಂಡಿಗೆ 15 ಮಿ.ಲೀ. ಮೇಲಿದ್ದರೆ ಚಿಂತೆಯಿಲ್ಲ, 10ಕ್ಕಿಂತ ಕೆಳಗಿದ್ದರೆ ಒಂದೋ ದಾರಿ ಬಿಗಿ ಇಲ್ಲವೇ ಮೂತ್ರಚೀಲ ದುರ್ಬಲ. ಕನಿಷ್ಠ 150 ಮಿ.ಲೀ. ಬಂದಿದ್ದರೆ ಮಾತ್ರ ಆ ಅಂಕಿಗೆ ಬೆಲೆ. ಹಾಗೆಂದು ಎರಡು ಲೀಟರ್ ಕುಡಿದು, ಹೊಟ್ಟೆ ಬಿರಿಯುವಷ್ಟು ತಡೆದು ಹೋಗಬೇಡಿ. ಅತಿ ತುಂಬಿದ ಚೀಲ ಸರಿಯಾಗಿ ಹಿಂಡುವುದಿಲ್ಲ, ವರದಿ ಸುಳ್ಳಾಗುತ್ತದೆ. ಮೂತ್ರ ಮಾಡಿದ ಕೂಡಲೇ ಸ್ಕ್ಯಾನ್ ಮಾಡಿ ಉಳಿಕೆ ನೋಡಬೇಕು. 50 ಮಿ.ಲೀ. ಒಳಗಿದ್ದರೆ ಚೆನ್ನ, 200 ದಾಟಿದರೆ ಗಂಭೀರವಾಗಿ ತೆಗೆದುಕೊಳ್ಳಬೇಕು.

ಯುರೋಫ್ಲೋ ಒಂದರಿಂದ ದಾರಿ ಬಿಗಿಯೋ ಚೀಲ ದುರ್ಬಲವೋ ಎಂದು ತಿಳಿಯುವುದಿಲ್ಲ. ಎರಡರಲ್ಲೂ ಧಾರೆ ಸಣ್ಣ. ನಿಮ್ಮಂಥವರಲ್ಲಿ ಈ ವ್ಯತ್ಯಾಸವೇ ಮುಖ್ಯ, ಏಕೆಂದರೆ ಮೊದಲನೆಯದಕ್ಕೆ ಆಪರೇಷನ್ ಫಲ ಕೊಡುತ್ತದೆ, ಎರಡನೆಯದಕ್ಕೆ ಅಷ್ಟಾಗಿ ಕೊಡುವುದಿಲ್ಲ. ಯಾರಾದರೂ ಪ್ರಾಸ್ಟೇಟ್ ಆಪರೇಷನ್ ಎಂದರೆ, ಮೂತ್ರಚೀಲದ ಒಳಒತ್ತಡ ಅಳೆಯುವ ಯುರೋಡೈನಾಮಿಕ್ ಪರೀಕ್ಷೆ ಬೇಕೇ ಎಂದು ಕೇಳಿ.

ಸ್ಕ್ಯಾನ್‌ಗೆ ಹೇಗೂ ಮಲಗುತ್ತೀರಿ. ಮಹಾಪಧಮನಿಯ ಅಗಲವನ್ನೂ ನೋಡಿ ಬರೆಯುವಂತೆ ವಿನಂತಿಸಿ. ಹೊಟ್ಟೆಯಲ್ಲಿ ಅದು 3 ಸೆಂ.ಮೀ. ಮುಟ್ಟಿದರೆ ಉಬ್ಬಿದೆ ಎಂದರ್ಥ, ಗಂಡಸರಲ್ಲಿ 5.5 ಸೆಂ.ಮೀ. ಮುಟ್ಟಿದರೆ ದುರಸ್ತಿ ಮಾಡುತ್ತಾರೆ. ಬೀಡಿ-ಸಿಗರೇಟು ಸೇದಿದ ಅರವತ್ತು ದಾಟಿದ ಗಂಡಸರಲ್ಲಿ ಇದು ಸದ್ದಿಲ್ಲದೆ ಬೆಳೆಯುತ್ತದೆ. ಅದು ಒಡೆಯುವಾಗ ಬರುವ ಪಕ್ಕೆ-ಬೆನ್ನಿನ ನೋವು ಮೂತ್ರಪಿಂಡದ ಕಲ್ಲಿನ ನೋವಿನಂತೆಯೇ ಇರುತ್ತದೆ. ಎಂದೂ ಕಲ್ಲಿನ ತೊಂದರೆ ಇಲ್ಲದವರಿಗೆ ಅರವತ್ತರ ನಂತರ ಮೊದಲ ಬಾರಿ ಅಂಥ ನೋವು, ಜೊತೆಗೆ ಬೆವರು, ತಲೆಸುತ್ತು ಬಂದರೆ ‘ಕಲ್ಲಿರಬೇಕು, ಬಾರ್ಲಿ ನೀರು ಕುಡಿಯೋಣ’ ಎಂದು ಮನೆಯಲ್ಲಿ ಕೂರಬಾರದು.

ಚಿಕಿತ್ಸೆ: ಎಲ್ಲಿಂದ ಶುರು

ಬೀಡಿ. ಕಡಿಮೆ ಮಾಡಿದ್ದು ಸಾಲದು. ದಿನಕ್ಕೆ ಎರಡಿದ್ದರೂ ನಾಳದ ಒಳಪದರಕ್ಕೆ ಏಟು ಬೀಳುತ್ತಲೇ ಇರುತ್ತದೆ. ಮೂತ್ರಚೀಲದ ಕ್ಯಾನ್ಸರಿಗೂ ಹೊಗೆಸೊಪ್ಪೇ ದೊಡ್ಡ ಕಾರಣ. ಒಂದು ದಿನ ಗೊತ್ತುಮಾಡಿ ಪೂರ್ತಿ ನಿಲ್ಲಿಸಿ. ನಿಕೋಟಿನ್ ಚೂಯಿಂಗ್ ಗಮ್, ಮಾತ್ರೆಗಳ ಬಗ್ಗೆ ನಿಮ್ಮ ಹೃದಯದ ವೈದ್ಯರನ್ನು ಕೇಳಿ.

ನಡಿಗೆ. ಕಾಲು ನೋಯುತ್ತದೆ ಎಂದು ನಡೆಯುವುದನ್ನು ಬಿಡುವುದೇ ಎಲ್ಲರೂ ಮಾಡುವ ತಪ್ಪು. ಸಮತಟ್ಟಾದ ದಾರಿಯಲ್ಲಿ ನೋವು ಚೆನ್ನಾಗಿ ಬರುವವರೆಗೆ ನಡೆಯಿರಿ, ನಿಲ್ಲಿ, ಪೂರ್ತಿ ಹೋದ ಮೇಲೆ ಮತ್ತೆ ಹೊರಡಿ. ನಿಂತ ಹೊತ್ತು ಬಿಟ್ಟು 30–45 ನಿಮಿಷ, ವಾರಕ್ಕೆ ಕನಿಷ್ಠ ಮೂರು ದಿನ, 12 ವಾರ. ಹಲವರಿಗೆ ನೋವಿಲ್ಲದೆ ನಡೆಯುವ ದೂರ ದುಪ್ಪಟ್ಟೇ ಆಗುತ್ತದೆ. ನಿಮಗೆ ಎದೆನೋವೂ ಇರುವುದರಿಂದ, ಶುರುಮಾಡುವ ಮೊದಲು ಹೃದಯದ ವೈದ್ಯರ ಒಪ್ಪಿಗೆ ಬೇಕು. ಸ್ಟೆಂಟ್ ಆಗಿ ಎರಡು ವರ್ಷವಾದರೂ ಎದೆ ಹಿಡಿಯುತ್ತಿದೆ ಎಂಬ ಸಂಗತಿಯನ್ನೂ ಅವರಿಗೆ ಒತ್ತಿ ಹೇಳಿ. ಕೆಟ್ಟ ಕೊಲೆಸ್ಟರಾಲ್, ಎಲ್‌ಡಿಎಲ್, ನಿಮ್ಮಲ್ಲಿ 70ಕ್ಕಿಂತ ಕೆಳಗೆ, ಸಾಧ್ಯವಾದರೆ 55ಕ್ಕಿಂತ ಕೆಳಗಿರಬೇಕು, 40 ಮಿ.ಗ್ರಾಂ. ಅಟೊರ್ವಾಸ್ಟಾಟಿನ್ ಅದನ್ನು ಸಾಧಿಸಿದೆಯೇ ನೋಡಿ. ಈ ಮಾತ್ರೆಯಿಂದ ಮೂತ್ರ ಸರಿಹೋಗುತ್ತದೆಂಬ ಪುರಾವೆ ಗಟ್ಟಿಯಿಲ್ಲ. ಹೃದಯ, ಮಿದುಳು, ಕಾಲು ಉಳಿಯುತ್ತವೆ ಎಂಬುದಕ್ಕೆ ಬೇಕಾದಷ್ಟಿದೆ.

ಕಾಲಿಗೆ ಕೊಡುವ ಸಿಲೋಸ್ಟಜಾಲ್ ನಡೆಯುವ ದೂರ ಹೆಚ್ಚಿಸುತ್ತದೆ, ಆದರೆ ಹೃದಯದ ಪಂಪು ದುರ್ಬಲವಿದ್ದವರಿಗೆ ಕೊಡುವಂತಿಲ್ಲ. ಸೊಂಟದ ನಾಳಕ್ಕೆ ಸ್ಟೆಂಟ್ ಹಾಕುವುದು ನಡಿಗೆ ಸಾಧ್ಯವಾಗದಿದ್ದಾಗ, ಪಾದಕ್ಕೆ ಅಪಾಯವಿದ್ದಾಗ. ಮೂತ್ರ ಸರಿಹೋಗಲಿ ಎಂಬ ಆಸೆಯಿಂದ ಅದನ್ನು ಮಾಡಿಸಬೇಡಿ. ಆ ಭರವಸೆ ಕೊಡುವಷ್ಟು ಆಧಾರವಿಲ್ಲ.

ಮೂತ್ರಕ್ಕೆ ಟ್ಯಾಮ್ಸುಲೋಸಿನ್ 0.4 ಮಿ.ಗ್ರಾಂ. ಮೊದಲ ಆಯ್ಕೆ, ದಿನವೂ ಅದೇ ಹೊತ್ತಿನ ಊಟವಾದ ಅರ್ಧ ಗಂಟೆಗೆ. ಕೆಲವೇ ದಿನಗಳಲ್ಲಿ ಧಾರೆ ಸುಧಾರಿಸಬೇಕು. ಇದು ಬಿಪಿಯನ್ನೂ ಸ್ವಲ್ಪ ಇಳಿಸುತ್ತದೆ, ನಿಮಗೆ ಆಮ್ಲೋಡಿಪಿನ್ ಬೇರೆ ಇದೆ. ಐದು ನಿಮಿಷ ಮಲಗಿ ಬಿಪಿ ನೋಡಿ, ಎದ್ದು ನಿಂತು 1 ಮತ್ತು 3ನೇ ನಿಮಿಷಕ್ಕೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ವೈದ್ಯರಿಗೆ ತಿಳಿಸಿ. ರಾತ್ರಿ ಎದ್ದಾಗ ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು ಆಮೇಲೆ ನಿಲ್ಲಿ, ಕೂತೇ ಮೂತ್ರ ಮಾಡಿ. ನಿದ್ದೆಗಣ್ಣಿನಲ್ಲಿ ನಿಂತು ಮೂತ್ರ ಮಾಡುವಾಗ ಬಿಪಿ ಕುಸಿದು ಬಿದ್ದು ತೊಡೆಮೂಳೆ ಮುರಿದುಕೊಳ್ಳುವುದು ನಿಮ್ಮ ವಯಸ್ಸಿನವರಿಗೆ ಮೂತ್ರದ ತೊಂದರೆಗಿಂತ ದೊಡ್ಡ ಕಷ್ಟ. ಕಣ್ಣಿನ ಪೊರೆಯ ಆಪರೇಷನ್ ಮಾಡಿಸುವುದಿದ್ದರೆ ಈ ಮಾತ್ರೆಯ ಹೆಸರನ್ನು ಕಣ್ಣಿನ ವೈದ್ಯರಿಗೆ ಮೊದಲೇ ಹೇಳಿ, ಇದರಿಂದ ಆಪರೇಷನ್ ವೇಳೆ ಕಣ್ಣಿನ ಪಾಪೆಯ ಸುತ್ತಲಿನ ಪರದೆ (ಐರಿಸ್) ಸಡಿಲವಾಗಬಹುದು.

ಪ್ರಾಸ್ಟೇಟ್ ಕುಗ್ಗಿಸುವ ಫಿನಾಸ್ಟರೈಡ್, ಡ್ಯುಟಾಸ್ಟರೈಡ್ ದೊಡ್ಡ ಪ್ರಾಸ್ಟೇಟಿಗೆ ಸರಿ. 32 ಗ್ರಾಂಗೆ ಹೆಚ್ಚು ಲಾಭ ನಿರೀಕ್ಷಿಸಬೇಡಿ. ಕೆಲಸಕ್ಕೆ ಬರಲು ಆರು ತಿಂಗಳು ಬೇಕು, ದಾಂಪತ್ಯದ ಶಕ್ತಿಯನ್ನು ಇನ್ನಷ್ಟು ಕುಗ್ಗಿಸಬಹುದು. ಅವಸರ ತಗ್ಗಿಸಲು ಸೋಲಿಫೆನಾಸಿನ್ ಅಥವಾ ಮಿರಾಬೆಗ್ರಾನ್ ಇವೆ. ಉಳಿಕೆ ಎಷ್ಟೆಂದು ನೋಡದೆ ಸೋಲಿಫೆನಾಸಿನ್ ಬೇಡ, ಮೂತ್ರ ಕಟ್ಟಬಹುದು. ಮಿರಾಬೆಗ್ರಾನ್ ಬಿಪಿ ಏರಿಸಬಲ್ಲದು. ಬಿಪಿ 180/110 ಮುಟ್ಟಿರುವವರಿಗೆ ಕೊಡುವುದಿಲ್ಲ.

ಆಪರೇಷನ್ ಬೇಕೇ ಬೇಕು ಎಂದಾದರೆ ಆಸ್ಪಿರಿನ್ ಯಾರ ಮಾತಿಗೆ ನಿಲ್ಲಿಸುವುದು ಎಂಬುದು ಮೊದಲೇ ಇತ್ಯರ್ಥವಾಗಲಿ. ಸ್ಟೆಂಟ್ ಹಾಕಿದ ಮೊದಲ ಆರರಿಂದ ಹನ್ನೆರಡು ತಿಂಗಳು ಪ್ರಾಸ್ಟೇಟ್ ಆಪರೇಷನ್ ಮುಂದೂಡುವುದೇ ವಾಡಿಕೆ. ನೀವು ಅದನ್ನು ದಾಟಿದ್ದೀರಿ. ರಕ್ತ ಕಡಿಮೆ ಹೋಗುವ ಹೋಲ್ಮಿಯಂ ಲೇಸರ್ ವಿಧಾನದಲ್ಲಿ ಆಸ್ಪಿರಿನ್ ನಡುವೆಯೇ ಮಾಡಬಲ್ಲವರಿದ್ದಾರೆ. ಮೂತ್ರದ ವೈದ್ಯರೂ ಹೃದಯದ ವೈದ್ಯರೂ ಫೋನಿನಲ್ಲಾದರೂ ಮಾತಾಡಿ ಒಂದೇ ಚೀಟಿಯಲ್ಲಿ ಬರೆದುಕೊಡುವಂತೆ ಕೇಳಿ.

ಕಾಯದೆ ಹೋಗಬೇಕಾದ ಸಂದರ್ಭಗಳು

ಆರೆಂಟು ಗಂಟೆ ಮೂತ್ರವೇ ಬಾರದೆ ಕಿಬ್ಬೊಟ್ಟೆ ಉಬ್ಬಿ ನೋಯತೊಡಗಿದರೆ ಕೂಡಲೇ ಆಸ್ಪತ್ರೆಗೆ ಹೋಗಿ ಮೂತ್ರ ಇಳಿಸುವ ನಳಿಕೆ, ಕ್ಯಾಥೆಟರ್, ಹಾಕಿಸಬೇಕು. ಮೂತ್ರದಲ್ಲಿ ರಕ್ತ ಕಂಡರೆ ‘ಆಸ್ಪಿರಿನ್ ತಗೋತೀನಲ್ಲ, ಅದಕ್ಕೇ’ ಎಂದುಕೊಳ್ಳಬೇಡಿ. ನೋವಿಲ್ಲದೆ ಒಂದೇ ಸಲ ಬಂದು ನಿಂತರೂ ಮೂತ್ರಚೀಲದ ಒಳಗೆ ನೋಡಿಸಲೇಬೇಕು, ಬೀಡಿ ಸೇದಿದವರಂತೂ ತಪ್ಪಿಸುವಂತಿಲ್ಲ. ಇದ್ದಕ್ಕಿದ್ದಂತೆ ಹಾಸಿಗೆ ಒದ್ದೆಯಾಗತೊಡಗಿದರೆ ಅದು ಮೂತ್ರ ಹೆಚ್ಚಾದದ್ದಲ್ಲದೆ, ಒಳಗೆ ತುಂಬಿ ತುಳುಕುತ್ತಿರುವುದೂ ಆಗಿರಬಹುದು. ಹಾಗಿದ್ದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳುವ ಹಂತ ಅದು. ಮೂತ್ರ ಕಟ್ಟಿ, ಕೂರುವ ಜಾಗವೆಲ್ಲ ಜೋಮು ಹಿಡಿದರೆ ಬೆನ್ನುಹುರಿಯ ಬುಡದ ನರಗಳ ತೊಂದರೆ, ಅದೇ ದಿನ ಹೋಗಬೇಕು. ಕಾಲು ಹಠಾತ್ತಾಗಿ ತಣ್ಣಗಾಗಿ ಬಿಳಚಿಕೊಂಡು ನೋಯತೊಡಗಿದರೆ ಕೈಲಿರುವುದು ಕೆಲವೇ ಗಂಟೆ. ಬೆಳಗಾಗಲಿ ಎನ್ನಬೇಡಿ, ರಾತ್ರಿಯಲ್ಲೇ ಗಾಡಿ ಮಾಡಿಸಿ.

ನಾಳೆ ಬೆಳಿಗ್ಗೆಯಿಂದಲೇ ಹಾಳೆ ಬರೆಯಲು ಶುರುಮಾಡಿ. ಮೂರು ದಿನದ ಲೆಕ್ಕ, ಮಾತ್ರೆಗಳ ಪಟ್ಟಿ, ಹಳೆಯ ಸ್ಕ್ಯಾನ್, ಎಕೋ ವರದಿ ಎಲ್ಲ ಒಂದೇ ಚೀಲದಲ್ಲಿಟ್ಟುಕೊಂಡು ಇಬ್ಬರು ವೈದ್ಯರಿಗೂ ಅದೇ ಚೀಲ ತೋರಿಸಿ.